ಸ್ವರಲಿಪಿಗೆ ಸಿಗದ ನಾದ ಯಾರ ಆಸ್ತಿ?

ನಮ್ಮ ಕೃತಿಸ್ವಾಮ್ಯ ಕಾಯ್ದೆ ಬಂದದ್ದು 1957ರಲ್ಲಿ. ಅದರಲ್ಲಿ ‘ಸಂಗೀತ ಕೃತಿ’ ಎಂದರೆ ಏನು ಎಂಬುದಕ್ಕೆ 1994ರ ತಿದ್ದುಪಡಿಯವರೆಗೂ ಒಂದು ಷರತ್ತಿತ್ತು. ಅದು ಮುದ್ರಣವಾಗಿರಬೇಕು, ಬರೆದಿರಬೇಕು ಅಥವಾ ಬೇರೆ ಯಾವುದಾದರೂ ಬಗೆಯಲ್ಲಿ ಗುರುತುಗಳಾಗಿ ಮೂಡಿರಬೇಕು. ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಬಂದದ್ದು ಎಷ್ಟೇ ದೊಡ್ಡದಿರಲಿ, ಕಾಗದದ ಮೇಲೆ ಇಳಿಯದಿದ್ದರೆ ಕಾನೂನಿನ ಲೆಕ್ಕದಲ್ಲಿ ಅದು ಕೃತಿಯೇ ಅಲ್ಲ. ಹಾಡು, ಬಾಜಾ ಎಲ್ಲವನ್ನೂ ಕಿವಿಯಿಂದಲೇ ಕಲಿತ ದೇಶಕ್ಕೆ ಇಂಥ ವ್ಯಾಖ್ಯೆ! 1994ರಲ್ಲಿ ಆ ಷರತ್ತು ಹೋಯಿತು. ಈಗ ಸಂಗೀತವೇ ಕೃತಿ. ಬರಹವಿದ್ದರೆ ಅದೂ ಅದರೊಳಗೆ ಸೇರುತ್ತದೆ.

ಷರತ್ತು ಹೋದರೂ ತೊಡಕು ಹೋಗಿಲ್ಲ. ‘ಪೊನ್ನಿಯಿನ್ ಸೆಲ್ವನ್ 2’ ಚಿತ್ರದ ‘ವೀರಾ ರಾಜ ವೀರಾ’ ಹಾಡು ಡಾಗರ್ ಮನೆತನದ ‘ಶಿವ ಸ್ತುತಿ’ಯನ್ನು ಆಧರಿಸಿದೆ ಎಂದು ಉಸ್ತಾದ್ ಫಯಾಜ್ ವಾಸಿಫುದ್ದೀನ್ ಡಾಗರ್ ದೆಹಲಿ ಹೈಕೋರ್ಟಿಗೆ ಹೋದದ್ದನ್ನು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಗಮನಿಸಿರುತ್ತೀರಿ. 2025ರ ಏಪ್ರಿಲ್ 25ರಂದು ಏಕಸದಸ್ಯ ಪೀಠ ಅವರ ಪರ ಮಧ್ಯಂತರ ಆದೇಶ ಕೊಟ್ಟು, ಎ.ಆರ್. ರೆಹಮಾನ್ ಮತ್ತು ನಿರ್ಮಾಪಕರು 2 ಕೋಟಿ ರೂಪಾಯಿ ಠೇವಣಿ ಇಡಬೇಕೆಂದಿತು. ಸೆಪ್ಟೆಂಬರ್ 24ರಂದು ವಿಭಾಗೀಯ ಪೀಠ ಅದನ್ನು ರದ್ದು ಮಾಡಿತು. ಒಬ್ಬರು ಹಾಡಿದ್ದಾರೆ ಎಂದ ಮಾತ್ರಕ್ಕೆ ಅವರೇ ರಚಿಸಿದ್ದಾರೆ ಎಂದಾಗುವುದಿಲ್ಲ ಎಂಬುದು ಅದರ ತರ್ಕ. ಯಾರು ಸರಿ ಎಂದು ಹೇಳುವಷ್ಟು ಕಾನೂನು ನನಗೆ ಗೊತ್ತಿಲ್ಲ, ಓದುತ್ತಿರುವುದು ಬಿ.ಇ. ಎಲೆಕ್ಟ್ರಾನಿಕ್ಸ್. ಆದರೆ ಒಂದಂತೂ ಸ್ಪಷ್ಟ: ಯಾರು, ಯಾವಾಗ, ಏನು ಮಾಡಿದರು ಎಂಬ ದಾಖಲೆ ಇಲ್ಲದವರ ವಾದ ಇಂದಿಗೂ ಬಡವಾದ.

ದೊಡ್ಡ ಮನೆತನಗಳ ಗತಿಯೇ ಹೀಗಾದರೆ ನಮ್ಮ ಕಡೆಯ ಚೌಡಿಕೆಯ ಗತಿ ಏನು? ಎಲ್ಲಮ್ಮನ ಜೋಗತಿಯರ ಕಂಕುಳಲ್ಲಿ ಇರುವ ಆ ವಾದ್ಯವನ್ನು ಉತ್ತರ ಕರ್ನಾಟಕದಲ್ಲಿ ನೋಡದವರಿಲ್ಲ. ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರಿಂದಾಗಿ ಜೋಗತಿ ಕಲೆಯ ಹೆಸರು ದೆಹಲಿಗೂ ಮುಟ್ಟಿದೆ. ಚೌಡಿಕೆ ಎಂದರೆ ಒಂದು ಕಡೆ ಚರ್ಮ ಬಿಗಿದ ಮರದ ಡಬ್ಬಿ, ಚರ್ಮದಿಂದ ಹೊರಟು ಕೋಲಿನ ತುದಿಗೆ ಹೋಗುವ ತಂತಿ. ಮೀಟುತ್ತಲೇ ತಂತಿಯ ಬಿಗಿತವನ್ನು ಹೆಚ್ಚು ಕಡಿಮೆ ಮಾಡಿ ನಾದವನ್ನು ಎಳೆಯುತ್ತಾರೆ, ಇಳಿಸುತ್ತಾರೆ. ಪಿಯುಸಿ ಫಿಸಿಕ್ಸ್ ನೆನಪಿಸಿಕೊಳ್ಳಿ. ತಂತಿಯ ಕಂಪನಾಂಕ ಬಿಗಿತದ ವರ್ಗಮೂಲಕ್ಕೆ ಅನುಗುಣವಾಗಿ ಏರುತ್ತದೆ. ಒಂದು ಪೂರ್ತಿ ಸಪ್ತಕ ಮೇಲೇರಲು ಬಿಗಿತ ನಾಲ್ಕು ಪಟ್ಟಾಗಬೇಕು. ಅಕ್ಷರ ಕಲಿಯದ ಕೈಯೊಂದು ಈ ಲೆಕ್ಕವನ್ನು ತಾಳ ತಪ್ಪದೆ ಮಾಡುತ್ತಿರುತ್ತದೆ. ಅದನ್ನು ಸ ರಿ ಗ ಮ ಎಂದು ಬರೆಯಲು ಹೊರಟರೆ ಉಳಿಯುವುದು ಏನೂ ಇಲ್ಲ. ಅಲ್ಲಿ ಮುಖ್ಯವಾದದ್ದು ಒಂದು ಸ್ವರ ಮತ್ತು ಇನ್ನೊಂದು ಸ್ವರದ ನಡುವಿನ ದಾರಿ.

ಸ್ವರಲಿಪಿಯ ಈ ಕಷ್ಟ ಜನಪದಕ್ಕೆ ಮಾತ್ರ ಸೀಮಿತವಲ್ಲ. ಪಿಟೀಲನ್ನೇ ತೆಗೆದುಕೊಳ್ಳಿ. ಯುರೋಪಿನಿಂದ ಬಂದ ಆ ವಾದ್ಯವನ್ನು ನಮ್ಮವರು ನೆಲಕ್ಕೆ ಕೂಡಿಸಿದರು, ತಲೆಯನ್ನು ಪಾದಕ್ಕೆ ಆನಿಸಿದರು, ತಂತಿಗಳನ್ನು ಸ ಪ ಸ ಪ ಎಂದು ಹೊಸದಾಗಿ ಶ್ರುತಿ ಮಾಡಿದರು. ವಾದ್ಯ ಹಿಡಿಯುವ ಭಾರ ಎಡಗೈಗೆ ತಪ್ಪಿದ್ದರಿಂದ ಬೆರಳು ತಂತಿಯುದ್ದಕ್ಕೂ ಜಾರಬಲ್ಲುದಾಯಿತು. ಮೈಸೂರಿನ ಟಿ. ಚೌಡಯ್ಯನವರು ಇನ್ನೂ ಮುಂದೆ ಹೋದರು. ಮೈಕ್ ಇಲ್ಲದ ಸಭೆಯಲ್ಲಿ ಹಿಂದಿನ ಸಾಲಿಗೂ ಕೇಳಲೆಂದು ನಾಲ್ಕು ತಂತಿಗೆ ಮೂರು ಸೇರಿಸಿ ಏಳು ಮಾಡಿದರು. ಒಂದೇ ಬೆರಳಿನಡಿ ಜೋಡಿ ತಂತಿ ಒತ್ತುವುದು, ಎರಡನ್ನೂ ಒಂದೇ ಕಮಾನಿಗೆ ನುಡಿಸುವುದು ಸುಲಭದ ಕೈಚಳಕವಲ್ಲ. ಇಂಥದ್ದನ್ನು ಈಗ ವಿದೇಶದ ಸಂಗೀತಶಾಲೆಗಳಲ್ಲಿ ‘ವಿಸ್ತೃತ ವಾದನ ತಂತ್ರ’ ಎಂದು ಪಾಠ ಮಾಡುತ್ತಾರೆ. ನಮ್ಮಲ್ಲಿ ಬೆಂಗಳೂರಿನಲ್ಲಿ ಪಿಟೀಲಿನಾಕಾರದ ಚೌಡಯ್ಯ ಸ್ಮಾರಕ ಭವನವಿದೆ. ಕೃತಿಯ ಸ್ವರಲಿಪಿಯಲ್ಲಿ ಮಾತ್ರ ಆ ಕೈ ಮಾಡಿದ್ದಕ್ಕೆ ಜಾಗವಿಲ್ಲ.

ಬರೆಯುವ ಪ್ರಯತ್ನಗಳೇ ನಡೆದಿಲ್ಲ ಎಂದಲ್ಲ. 1904ರಲ್ಲಿ ಎಟ್ಟಯಪುರದಿಂದ ಹೊರಬಂದ ಸುಬ್ಬರಾಮ ದೀಕ್ಷಿತರ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ ಗಮಕಗಳಿಗೆ ಬೇರೆ ಬೇರೆ ಗುರುತು ಕೊಟ್ಟಿತು. ಹಿಂದೂಸ್ತಾನಿಯಲ್ಲಿ ಭಾತಖಂಡೆಯವರ ಪದ್ಧತಿ ಇದೆ: ಮಂದ್ರಕ್ಕೆ ಕೆಳಗೆ ಚುಕ್ಕೆ, ತಾರಕ್ಕೆ ಮೇಲೆ ಚುಕ್ಕೆ, ಕೋಮಲಕ್ಕೆ ಅಡಿಗೆರೆ, ಮೀಂಡಿಗೆ ಮೇಲೊಂದು ಕಮಾನು. ಇದನ್ನು ಕನ್ನಡ ಅಕ್ಷರದ ಮೇಲೆ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ನೋಡಿ, ತಲೆ ಕೆಡುತ್ತದೆ. ಪಾಶ್ಚಾತ್ಯ ಸಂಗೀತದ ಚಿಹ್ನೆಗಳು ಯೂನಿಕೋಡಿಗೆ 2001ರಲ್ಲೇ ಬಂದವು. ಇಂಡೊನೇಷ್ಯಾದ ಬಾಲಿ ಲಿಪಿ 2006ರಲ್ಲಿ ಸೇರುವಾಗ ತನ್ನ ಸಂಗೀತದ ಗುರುತುಗಳನ್ನೂ ಜೊತೆಗೆ ಕರೆತಂದಿತು.

ಜರ್ಮನಿಯ ಹೆಲ್ಮುಟ್ ಲಾಖೆನ್‌ಮನ್ ಎಂಬ ರಚನಕಾರರ ದಾರಿ ನನಗೆ ಹೆಚ್ಚು ಇಷ್ಟವಾಯಿತು. ಒಂಟಿ ಚೆಲ್ಲೊಗೆಂದು 1969ರಲ್ಲಿ ರಚಿಸಿದ ‘ಪ್ರೆಸ್ಯೋಂ’ ಕೃತಿಯಲ್ಲಿ ಅವರು ಬಹುಪಾಲು ಸ್ವರ ಬರೆಯುವುದನ್ನೇ ಬಿಟ್ಟರು. ಕೈ ಎಲ್ಲಿದೆ, ಕಮಾನು ಕುದುರೆಯಿಂದ ಎಷ್ಟು ದೂರ, ಎಷ್ಟು ಒತ್ತಡ ಎಂದು ವಾದ್ಯದ ನಕ್ಷೆಯಂತೆ ಬರೆದರು. ಕೇಳಿಸುವುದನ್ನು ಬಿಟ್ಟು ಮಾಡುವುದನ್ನು ದಾಖಲಿಸುವ ಲಿಪಿ ಅದು. 1977ರಲ್ಲಿ ಎರಡು ಗಿಟಾರ್‌ಗಳಿಗೂ ಅವರು ಒಂದು ಕೃತಿ ರಚಿಸಿದರು. ಗಿಟಾರ್ ಕಲಿತವರಿಗೆ ಈ ಯೋಚನೆ ಹೊಸದೇನಲ್ಲ. ನಾವು ಮೊಬೈಲಿನಲ್ಲಿ ನೋಡುವ ಟ್ಯಾಬ್ ಕೂಡ ಯಾವ ತಂತಿ, ಎಷ್ಟನೇ ಫ್ರೆಟ್ ಎಂದು ಹೇಳುತ್ತದೆಯೇ ಹೊರತು ಸ್ವರದ ಹೆಸರು ಹೇಳುವುದಿಲ್ಲ. ಸಂಗೀತವಾಗಿ ‘ಪ್ರೆಸ್ಯೋಂ’ ನಮ್ಮ ಮನೆಯಲ್ಲಿ ಯಾರಿಗೂ ಸೇರಲಿಲ್ಲ. ಶಹಾಬಜಾರದ ಬಡಗಿಯ ಅಂಗಡಿ ಮನೆಗೇ ಬಂದಂತಿದೆ ಎಂದು ಅವ್ವ ಅಂದಳು. ನನಗೆ ಬೇಕಿರುವುದು ಅದರ ಲಿಪಿಯ ಉಪಾಯ. ಚೌಡಿಕೆಗೆ ಹೊಂದುವುದು ಅದೇ.

ಯಂತ್ರವೇ ಬರೆದುಕೊಳ್ಳಲಿ, ಮನುಷ್ಯ ಯಾಕೆ ಎಂದು ಗೆಳೆಯರು ಕೇಳುತ್ತಾರೆ. ನನ್ನ ಗಿಟಾರನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ‘ಪ್ರಾಟ್’ ಎಂಬ ಉಚಿತ ತಂತ್ರಾಂಶದಲ್ಲಿ ಹಾಕಿ ನೋಡಿದೆ. ಬಿಡಿ ತಂತಿಯ ನಾದಕ್ಕೆ ಚಂದದ ಗೆರೆ ಬಂತು. ತಂತಿಯನ್ನು ಅಂಗೈಯಿಂದ ಮುಚ್ಚಿ ಉಗುರಿನಿಂದ ಕೆರೆದಾಗ ಗೆರೆ ಕುಪ್ಪಳಿಸಿತು, ಕೆಲವು ಕಡೆ ಮಾಯವಾಯಿತು. ಅದು ತಂತ್ರಾಂಶದ ದೋಷವಲ್ಲ. ಅಂಥ ಸದ್ದಿನಲ್ಲಿ ನಿಶ್ಚಿತ ಕಂಪನಾಂಕವೇ ಇರುವುದಿಲ್ಲ, ಇಲ್ಲದ್ದನ್ನು ಹುಡುಕುವುದು ಹೇಗೆ? 1983ರ ಮಿಡಿ ಮಾನದಂಡದ ಕಥೆಯೂ ಇದೇ. ಅದರಲ್ಲಿರುವುದು 0ಯಿಂದ 127ರವರೆಗೆ 128 ಸ್ವರಸ್ಥಾನ. ಮೀಂಡ್ ಬೇಕೆಂದರೆ ‘ಪಿಚ್ ಬೆಂಡ್’ ಎಂಬ ತೇಪೆ, ಅದೂ ಒಂದು ಚಾನೆಲ್ಲಿನ ಎಲ್ಲ ಸ್ವರಗಳಿಗೂ ಒಟ್ಟಿಗೇ. ಪ್ರತಿ ಸ್ವರವನ್ನೂ ಬೇರೆಯಾಗಿ ಬಾಗಿಸುವ ಸೌಲಭ್ಯ ಮಿಡಿ 2.0 ಬಂದ 2020ರಲ್ಲಿ ಮುಖ್ಯ ಮಾನದಂಡದೊಳಗೆ ಸೇರಿತು.

ಈಗ ಕೃತಕ ಬುದ್ಧಿಮತ್ತೆಯ ಸರದಿ. ತಮ್ಮ ಧ್ವನಿಮುದ್ರಣಗಳನ್ನು ಅನುಮತಿಯಿಲ್ಲದೆ ಯಂತ್ರಕ್ಕೆ ಉಣಿಸಿದ್ದಾರೆ ಎಂದು ಅಮೆರಿಕದ ದೊಡ್ಡ ಸಂಗೀತ ಕಂಪನಿಗಳು 2024ರ ಜೂನಿನಲ್ಲಿ ಸುನೊ, ಯೂಡಿಯೊ ಸಂಸ್ಥೆಗಳ ಮೇಲೆ ಮೊಕದ್ದಮೆ ಹೂಡಿದವು. ಆ ಕಂಪನಿಗಳ ಬಳಿ ಪ್ರತಿ ಹಾಡಿನ ಹೆಸರು, ವರ್ಷ, ಒಪ್ಪಂದ ಎಲ್ಲವೂ ಇವೆ. ಜಾತ್ರೆಯಲ್ಲಿ ಯಾರೋ ಚಿತ್ರೀಕರಿಸಿ ಯೂಟ್ಯೂಬಿಗೆ ಹಾಕಿದ ಚೌಡಿಕೆ ಪದಕ್ಕೆ ಬಾರಿಸಿದವರ ಹೆಸರೂ ಇರುವುದಿಲ್ಲ.

ಇಲ್ಲಿ ಕಾನೂನು ಅವರನ್ನು ಕೈಬಿಟ್ಟಿಲ್ಲ ಎಂಬುದು ಹಲವರಿಗೆ ಗೊತ್ತಿಲ್ಲ. ವಾದನ ತಂತ್ರಕ್ಕೆ ಕೃತಿಸ್ವಾಮ್ಯ ಸಿಗುವುದಿಲ್ಲ, ಸಿಗಲೂಬಾರದು. ಇಲ್ಲದಿದ್ದರೆ ಮೀಂಡಿಗೂ ಬಾಡಿಗೆ ಕಟ್ಟಬೇಕಾದೀತು. ಪರಂಪರೆಯ ಪದವೂ ಒಬ್ಬರ ಸ್ವತ್ತಲ್ಲ. ಆದರೆ ಅದೇ 1994ರ ತಿದ್ದುಪಡಿ ‘ಪ್ರದರ್ಶಕರ ಹಕ್ಕು’ ಎಂಬುದನ್ನು ತಂದಿತು. ಪ್ರದರ್ಶಕ ಎಂದರೆ ಯಾರು ಎಂಬ ಪಟ್ಟಿಯಲ್ಲಿ ಗಾಯಕ, ವಾದಕ, ನರ್ತಕರ ಜೊತೆ ಹಾವಾಡಿಗನೂ ಇದ್ದಾನೆ! ಚೌಡಿಕೆಯ ಜೋಗತಿಗೆ ಜಾಗವಿಲ್ಲ ಎನ್ನಲು ಯಾರಿಗೂ ಬರುವುದಿಲ್ಲ. ಆ ಹಕ್ಕು 50 ವರ್ಷ ಇರುತ್ತದೆ. 2012ರ ತಿದ್ದುಪಡಿ ತನ್ನ ಪ್ರದರ್ಶನಕ್ಕೆ ತನ್ನ ಹೆಸರು ಹಾಕಿಸಿಕೊಳ್ಳುವ ಹಕ್ಕನ್ನೂ ಸೇರಿಸಿತು. ಇದನ್ನು ಚಲಾಯಿಸಲು ಬೇಕಾದದ್ದು ಇಂಥ ದಿನ, ಇಂಥವರು, ಕೈಯಿಂದ ಹೀಗೆ ಮಾಡಿದರು ಎಂಬ ಪುರಾವೆ.

ಬರೆದರೆ ಕಲೆ ಸಾಯುತ್ತದೆ ಎಂಬ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಭಾತಖಂಡೆಯವರ ಪುಸ್ತಕ ನೋಡಿಕೊಂಡೇ ಯಾರೂ ಗವಾಯಿಯಾಗಿಲ್ಲ. ಬರೆದಿಟ್ಟರೆ ಕಂಪನಿಗಳಿಗೆ ಕದಿಯುವುದು ಇನ್ನೂ ಸಲೀಸು ಎಂಬ ಭಯ ಅದಕ್ಕಿಂತ ಗಟ್ಟಿ. ಆದ್ದರಿಂದ ದಾಖಲೆ ವಾದಕರ ಕೈಯಲ್ಲೇ ಇರಬೇಕು, ಧ್ವನಿಮುದ್ರಣದ ಪ್ರತಿಯೂ ಅವರಿಗೆ ಮೊದಲು ಸಿಗಬೇಕು.

ಪ್ರತಿ ವರ್ಷ ಮಿನಿ ಪ್ರಾಜೆಕ್ಟಿಗೆ ಸ್ಮಾರ್ಟ್ ಡಸ್ಟ್‌ಬಿನ್, ಗಿಡಕ್ಕೆ ನೀರು ಬಿಡುವ ಸೆನ್ಸರ್ ಎಂದು ಹಳೆಯದನ್ನೇ ತಿರುವಿ ಹಾಕುತ್ತೇವೆ. ಈ ಸಲ ನಾವು ಮೂವರು ಚೌಡಿಕೆಯ ಕೋಲಿಗೆ ಬಿಗಿತ ಅಳೆಯುವ ಸ್ಟ್ರೇನ್ ಗೇಜ್ ಅಂಟಿಸುವ ಪ್ರಸ್ತಾವ ಬರೆದಿದ್ದೇವೆ. ಒಂದು ಗೆರೆ ಬಿಗಿತಕ್ಕೆ, ಒಂದು ಗೆರೆ ಮೀಟಿಗೆ, ಕೆಳಗೆ ಪದದ ಅಕ್ಷರಗಳು. ಪುಟದ ತಲೆಯಲ್ಲಿ ಬಾರಿಸಿದವರ ಹೆಸರು, ಊರು, ತಾರೀಖು ಮತ್ತು ಇದನ್ನು ಎಲ್ಲಿ ಬಳಸಬಹುದು, ಎಲ್ಲಿ ಬಳಸಬಾರದು ಎಂದು ಅವರೇ ಹೇಳಿದ ಮಾತು. ಸಹಿ ಬಾರದವರಿದ್ದರೆ ಆ ಮಾತನ್ನು ಅವರ ದನಿಯಲ್ಲೇ ರೆಕಾರ್ಡ್ ಮಾಡಿಕೊಳ್ಳುತ್ತೇವೆ.