ಲಾರಿ, ಬಸ್ಸುಗಳ ದೀಪ ತಾನಾಗಿ ಹತ್ತಲಿ, ತಡೆದು ಆರಲಿ: ಮನವಿ ಪತ್ರ

ಇವರಿಗೆ:
ಅಧ್ಯಕ್ಷರು,
ಕೇಂದ್ರ ಮೋಟಾರು ವಾಹನ ನಿಯಮಗಳ ತಾಂತ್ರಿಕ ಸ್ಥಾಯಿ ಸಮಿತಿ,
ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯ, ನವದೆಹಲಿ

ಪ್ರತಿ: ಸಾರಿಗೆ ಆಯುಕ್ತರು, ಆಂಧ್ರಪ್ರದೇಶ, ವಿಜಯವಾಡ

ವಿಷಯ: ಭಾರಿ ವಾಹನಗಳಿಗೆ ಸ್ವಯಂಚಾಲಿತ ದೀಪ ನಿಯಂತ್ರಣವನ್ನು ಕಡ್ಡಾಯಗೊಳಿಸುವ ಬಗ್ಗೆ

ಮಾನ್ಯರೇ,

ಕರ್ನಾಟಕದಿಂದ ಸರಕು ಹೇರಿಕೊಂಡು ವಿಜಯವಾಡ ದಾಟಿ ವಿಶಾಖಪಟ್ಟಣಕ್ಕೆ ಹೋಗುವ ಕನ್ನಡ ಚಾಲಕರ ಮನವಿ ಇದು. ಡಿಸೆಂಬರಿನಲ್ಲಿ ವಿಶಾಖಪಟ್ಟಣದಲ್ಲಿ ಬೆಂಗಳೂರಿಗಿಂತ ಸುಮಾರು ಅರ್ಧ ಗಂಟೆ ಮೊದಲೇ ಸೂರ್ಯ ಮುಳುಗುತ್ತಾನೆ. ವಿಶಾಖಪಟ್ಟಣದ ಗಾಜುವಾಕ ತಲುಪುವಾಗ ಮಬ್ಬು ಕವಿದಿದ್ದರೂ ನಮ್ಮೂರ ಹೊತ್ತಿಗೆ ಒಗ್ಗಿದ ಕೈ ಸ್ವಿಚ್ಚಿಗೆ ತಡವಾಗಿ ಹೋಗುತ್ತದೆ. ವಿಜಯವಾಡದ ಚಿಟ್ಟಿನಗರ ಸುರಂಗ ಹೊಕ್ಕ ವಾಹನಕ್ಕಂತೂ ನಡುಹಗಲಲ್ಲೂ ದೀಪ ಬೇಕು.

1989ರ ನಿಯಮಗಳ 105ನೆಯ ನಿಯಮ ದೀಪ ಹಚ್ಚಲೇಬೇಕು ಎನ್ನುತ್ತದೆ. ಹಚ್ಚುವ ಹೊಣೆಯನ್ನು ಚಾಲಕನ ನೆನಪಿಗೆ ಬಿಡುತ್ತದೆ. 2017ರ ಏಪ್ರಿಲ್ 1ರಿಂದ ಹೊಸ ಬೈಕು, ಸ್ಕೂಟರುಗಳ ಹೆಡ್‌ಲೈಟ್ ಎಂಜಿನ್ ಜೊತೆಗೇ ಹತ್ತುತ್ತದೆ. ಹತ್ತಾರು ಟನ್ ಹೊತ್ತ ಲಾರಿಗೆ ಆ ಕಟ್ಟುಪಾಡು ಬರಲಿಲ್ಲ. ವಿಶ್ವಸಂಸ್ಥೆಯ 48ನೆಯ ವಾಹನ ನಿಯಮಾವಳಿಯಲ್ಲಿ ಮಾದರಿ ಸಿದ್ಧವಿದೆ: ಹೊರಗಿನ ಬೆಳಕು 1,000 ಲಕ್ಸ್‌ಗಿಂತ ಇಳಿದರೆ 2 ಸೆಕೆಂಡಿನೊಳಗೆ ಡಿಮ್ ಲೈಟ್ ಹತ್ತಬೇಕು, 7,000 ಲಕ್ಸ್ ಮೀರಿದರೂ ಆರಲು 5 ಸೆಕೆಂಡಿಗಿಂತ ಹೆಚ್ಚು, 300 ಸೆಕೆಂಡಿನೊಳಗಿನ ತಡ ಇರಬೇಕು. ಈ ತಡವಿಲ್ಲದಿದ್ದರೆ ಮರಗಳ ನೆರಳು, ಮೇಲ್ಸೇತುವೆಗಳ ಕೆಳಗೆ ದೀಪ ಮಿಣುಕುತ್ತಲೇ ಇರುತ್ತದೆ. ಹೊಸ ಲಾರಿ, ಬಸ್ಸುಗಳಿಗೆ ಇದೇ ಅಳತೆ ಕಡ್ಡಾಯವಾಗಲಿ. ಮುಂದೆ ಹಗಲುದೀಪ ಉರಿಯುತ್ತಾ ಹಿಂದೆ ಕತ್ತಲಾಗಿರುವ ಕಾರುಗಳೂ ಇದರಡಿ ಬರಲಿ.

ನಮ್ಮ ಜೀವಕ್ಕೆ ಹೆಚ್ಚು ಹತ್ತಿರವಾದದ್ದು ನಿಂತ ಲಾರಿಯ ಮಾತು. 16ನೆಯ ರಾಷ್ಟ್ರೀಯ ಹೆದ್ದಾರಿಯ ಅಂಚಿನಲ್ಲಿ ದೀಪವಿಲ್ಲದೆ ನಿಂತ ಲಾರಿ ಹಿಂದಿನವರಿಗೆ ಕಾಣುವಷ್ಟರಲ್ಲಿ ಬ್ರೇಕ್ ಹಾಕಲು ಜಾಗ ಉಳಿದಿರುವುದಿಲ್ಲ. ಚಾಲಕ ದೀಪ ಆರಿಸುವುದು ಅಸಡ್ಡೆಯಿಂದಲ್ಲ, ಬೆಳಗಾಗುವುದರಲ್ಲಿ ಬ್ಯಾಟರಿ ಇಳಿದು ಗಾಡಿ ಸ್ಟಾರ್ಟ್ ಆಗದೆಂಬ ಭಯದಿಂದ. ಆ ಭಯ ಸುಳ್ಳಲ್ಲ. ಆದ್ದರಿಂದ ಕತ್ತಲಲ್ಲಿ ಕೀ ತೆಗೆದ ಮೇಲೂ ಹಿಂದಿನ ಕೆಂಪು ದೀಪಗಳು ತಾವಾಗಿ ಉರಿಯುತ್ತಿರಬೇಕು. ಸ್ಟಾರ್ಟ್ ಮಾಡಲು ಬೇಕಾದಷ್ಟು ಚಾರ್ಜ್ ಉಳಿಸಿಕೊಂಡು ಸರ್ಕ್ಯೂಟ್ ತಾನೇ ಕಡಿತಗೊಳ್ಳಬೇಕು. ಎಲ್‌ಇಡಿ ದೀಪ ಎಳೆಯುವ ವಿದ್ಯುತ್ ಹಳೆಯ ಬಲ್ಬಿಗಿಂತ ಬಹಳ ಕಡಿಮೆಯಾದ್ದರಿಂದ ಇದು ಸಾಧ್ಯ.

ಹಳೆಯ ಗಾಡಿಗಳಿಗೆ ಪರೀಕ್ಷಿಸಿದ ಕಿಟ್‌ಗಷ್ಟೇ ಅನುಮತಿ ಕೊಡಿ. ವೈರಿಂಗ್ ಕತ್ತರಿಸಿ ಜೋಡಿಸಿದ ಅಗ್ಗದ ರಿಲೇ ಶಾರ್ಟ್ ಆಗಿ ಬೆಂಕಿ ಹತ್ತಬಹುದು. ಎಫ್‌ಸಿ (ವಾಹನ ಅರ್ಹತಾ ಪತ್ರ) ತಪಾಸಣೆಯಲ್ಲಿ ಈ ದೀಪಗಳನ್ನೂ ನೋಡಲಿ.

ಕರಡು ನಿಯಮ ಹೊರಡಿಸುವ ಮೊದಲು ವಿಜಯವಾಡ ಮತ್ತು ವಿಶಾಖಪಟ್ಟಣದಲ್ಲಿ ಚಾಲಕರ ಅಹವಾಲು ಸಭೆ ಕರೆಯಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಹೆದ್ದಾರಿಯ ಕನ್ನಡ ಚಾಲಕರು