ಹೆದರಿಸಿ ಪಡೆದ ಉತ್ತರ

ಪೊಲೀಸರು ಪ್ರಶ್ನೆ ಕೇಳುವುದು ಗೊತ್ತಿಲ್ಲದ್ದನ್ನು ತಿಳಿಯಲಿಕ್ಕೋ, ತಾವು ಮೊದಲೇ ನಂಬಿದ್ದನ್ನು ಎದುರಿನವರ ಬಾಯಿಂದ ಹೇಳಿಸಲಿಕ್ಕೋ? ಇಡೀ ಬೀದರ್ ನಗರ 2020ರಲ್ಲಿ ಈ ಪ್ರಶ್ನೆಗೆ ಮುಖಾಮುಖಿಯಾಯಿತು.

ಆ ವರ್ಷದ ಜನವರಿಯಲ್ಲಿ ಅಲ್ಲಿನ ಶಾಹೀನ್ ಶಾಲೆಯ ಮಕ್ಕಳು ಪೌರತ್ವ ತಿದ್ದುಪಡಿ ಕಾಯ್ದೆಯ ಬಗ್ಗೆ ಆಡಿದ ನಾಟಕದ ಮೇಲೆ ದೇಶದ್ರೋಹದ ಪ್ರಕರಣ ದಾಖಲಾಯಿತು. ಮುಖ್ಯಶಿಕ್ಷಕಿಯನ್ನೂ ವಿದ್ಯಾರ್ಥಿನಿಯೊಬ್ಬಳ ತಾಯಿಯನ್ನೂ ಬಂಧಿಸಲಾಯಿತು. ಪೊಲೀಸರು ಮತ್ತೆ ಮತ್ತೆ ಶಾಲೆಗೆ ಬಂದು ಮಕ್ಕಳನ್ನು ಪ್ರಶ್ನಿಸಿದರು. ಸಮವಸ್ತ್ರವೂ ಇತ್ತು, ಆಯುಧವೂ ಇತ್ತು. ಮಕ್ಕಳೊಡನೆ ಮಾತನಾಡುವಾಗ ಸಾಧ್ಯವಾದಷ್ಟೂ ಸಾದಾ ಉಡುಪಿನಲ್ಲಿರಬೇಕು, ಹೆಣ್ಣುಮಕ್ಕಳಿದ್ದರೆ ಮಹಿಳಾ ಪೊಲೀಸರಿರಬೇಕು ಎಂದು 2016ರ ಬಾಲನ್ಯಾಯ ಮಾದರಿ ನಿಯಮಗಳೇ ಹೇಳುತ್ತವೆ. 2021ರ ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟ್ ಪೊಲೀಸರು ಹೀಗೆ ಸಮವಸ್ತ್ರ, ಆಯುಧಗಳೊಂದಿಗೆ ಮಕ್ಕಳನ್ನು ಪ್ರಶ್ನಿಸಿದ್ದನ್ನು ಮಕ್ಕಳ ಹಕ್ಕುಗಳ ಗಂಭೀರ ಉಲ್ಲಂಘನೆ ಎಂದಿತು. 2023ರ ಜೂನ್‌ನಲ್ಲಿ ಅದರ ಕಲಬುರಗಿ ಪೀಠ ದೇಶದ್ರೋಹದ ಪ್ರಕರಣವನ್ನೇ ರದ್ದುಮಾಡಿತು.

ಹೆದರಿದ ಮಗು ನಡೆದದ್ದನ್ನು ನೆನಪಿಸಿಕೊಳ್ಳುವುದಿಲ್ಲ. ಯಾವ ಉತ್ತರ ಕೊಟ್ಟರೆ ತನ್ನನ್ನು ಬಿಡುತ್ತಾರೆ ಎಂದು ಹುಡುಕುತ್ತದೆ. ದೊಡ್ಡವರೂ ಹಾಗೆಯೇ. ಏಟಿನ ಮುಂದೆ ತಪ್ಪಿತಸ್ಥನೂ ಅಮಾಯಕನೂ ಒಂದೇ ಮಾತು ಆಡುತ್ತಾರೆ. ಆದ್ದರಿಂದಲೇ ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸಬಾರದೆಂದು 1872ರ ಸಾಕ್ಷ್ಯ ಕಾಯ್ದೆಯೇ ಹೇಳಿತು. 2023ರ ಹೊಸ ಸಾಕ್ಷ್ಯ ಕಾಯ್ದೆಯೂ ಅದನ್ನು ಉಳಿಸಿಕೊಂಡಿದೆ. ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ಕೂಡದೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಕೊಟ್ಟ ತೀರ್ಪಿನಲ್ಲಿ ಎದುರುಪಕ್ಷವಾಗಿದ್ದುದು ಕರ್ನಾಟಕ ಸರ್ಕಾರವೇ.

ಮೆತ್ತಗೆ ಕೇಳಿದರೆ ಪಳಗಿದ ಕಳ್ಳ ಬಾಯಿ ಬಿಡುತ್ತಾನೆಯೇ ಎಂದು ಪೊಲೀಸರು ಕೇಳುತ್ತಾರೆ. ಸಿಬ್ಬಂದಿ ಕಡಿಮೆ, ಮೇಲಿನ ಒತ್ತಡ ಹೆಚ್ಚು. ಅವರ ಕಷ್ಟ ಸುಳ್ಳಲ್ಲ. ಆದರೆ ಬಡಿದು ಬಾಯಿ ಬಿಡಿಸಿದರೆ ಏನಾಗುತ್ತದೆಂಬುದಕ್ಕೆ ಇಂಗ್ಲೆಂಡಿನಲ್ಲಿ ಸಾಕ್ಷಿಯಿದೆ. ಬರ್ಮಿಂಗ್‌ಹ್ಯಾಮ್ ಬಾಂಬ್ ಪ್ರಕರಣದಲ್ಲಿ ಆರು ನಿರಪರಾಧಿಗಳು 16 ವರ್ಷ ಜೈಲಿನಲ್ಲಿ ಕಳೆದು 1991ರಲ್ಲಿ ಹೊರಬಂದರು. ನಿಜವಾದ ಅಪರಾಧಿಗಳಿಗೆ ಶಿಕ್ಷೆಯಾಗಲಿಲ್ಲ. ಅಂಥ ಪ್ರಕರಣಗಳಿಂದ ಪಾಠ ಕಲಿತು ಅಲ್ಲಿನ ಪೊಲೀಸರು 1990ರ ದಶಕದಲ್ಲಿ ಬೇರೆ ಪದ್ಧತಿ ತಂದರು: ಮೊದಲು ಸಾಕ್ಷ್ಯ ಓದಿ ಸಿದ್ಧರಾಗು, ಎದುರಿನವರು ಪೂರ್ತಿ ಹೇಳುವವರೆಗೆ ಅಡ್ಡ ಬಾಯಿ ಹಾಕಬೇಡ, ಆಮೇಲೆ ಹೇಳಿದ್ದನ್ನು ಸಾಕ್ಷ್ಯದೊಂದಿಗೆ ತಾಳೆ ನೋಡು. ಹೆಚ್ಚು ಮಾತನಾಡಿದಷ್ಟೂ ಸುಳ್ಳುಗಾರ ತಾನೇ ಸಿಕ್ಕಿಬೀಳುತ್ತಾನೆ.

ನಮ್ಮ ಬೀದರ್ ಗಡಿನಾಡಿನಲ್ಲಿ ಇಂಥ ಪದ್ಧತಿಯ ಅಗತ್ಯ ಇನ್ನೂ ಹೆಚ್ಚು. ಭಾಲ್ಕಿ, ಔರಾದ್ ಕಡೆಯವರು ಮರಾಠಿಯಲ್ಲೋ ದಖನಿಯಲ್ಲೋ ತೆಲುಗಿನಲ್ಲೋ ಹೇಳಿದ್ದು ಠಾಣೆಯ ಕಾಗದದಲ್ಲಿ ಕನ್ನಡವಾಗುತ್ತದೆ. ಸಾಕ್ಷಿಯ ಹೇಳಿಕೆಗೆ ಸಾಕ್ಷಿಯ ಸಹಿಯನ್ನೂ ಪಡೆಯುವಂತಿಲ್ಲ. ಬರೆದವರದೇ ಕೊನೆಯ ಮಾತು. ಹೇಳಿಕೆಯನ್ನು ಧ್ವನಿ-ದೃಶ್ಯ ಮುದ್ರಣ ಮಾಡಲು ಕಾನೂನಿನಲ್ಲಿ ಅವಕಾಶವಿದೆ. ಆ ಅವಕಾಶ ಕಡ್ಡಾಯವಾಗಬೇಕು. ಆಡಿದವರ ಮಾತು ಆಡಿದ ಭಾಷೆಯಲ್ಲೇ ಉಳಿಯಬೇಕು. ಅದು ಪ್ರಾಮಾಣಿಕ ಪೊಲೀಸರನ್ನೂ ಸುಳ್ಳು ಆರೋಪದಿಂದ ಕಾಯುತ್ತದೆ. ಎಷ್ಟು ಜನರ ಬಾಯಿ ಬಿಡಿಸಿದರು ಎಂಬುದರಿಂದಲ್ಲ, ದಾಖಲಿಸಿದ ಹೇಳಿಕೆಗಳಲ್ಲಿ ಎಷ್ಟು ನ್ಯಾಯಾಲಯದಲ್ಲಿ ನಿಂತವು ಎಂಬುದರಿಂದ ತನಿಖಾಧಿಕಾರಿಯ ಸಾಮರ್ಥ್ಯವನ್ನು ಅಳೆಯೋಣ.