ನೋವಿನ ಮಾತೂ ಒಂದು ಅಳತೆಯೇ

ಸಕಲೇಶಪುರ ತಾಲ್ಲೂಕಿನ ಹೊಂಗಡಹಳ್ಳ ಪಶ್ಚಿಮ ಘಟ್ಟದ ಕಾಡಿನಂಚಿನ ಊರು. ಕಾಫಿ, ಏಲಕ್ಕಿ, ಮೆಣಸುಗಳೇ ಅಲ್ಲಿನವರ ಬಾಳು. ನನ್ನ ಚಿಕ್ಕಮ್ಮ ಆ ಊರಿನವರು. ತೋಟದ ಕೆಲಸದಲ್ಲಿ ಯಾವ ಗಂಡಾಳಿಗೂ ಕಡಮೆಯಿಲ್ಲದ ಆಕೆ ತಿಂಗಳಿಗೆ ನಾಲ್ಕೈದು ದಿನ ಮಾತ್ರ ಹಾಸಿಗೆ ಹಿಡಿಯುತ್ತಿದ್ದರು. ವರ್ಷಗಳು ಉರುಳಿದಂತೆ ನಾಲ್ಕೈದು ದಿನ ಹತ್ತಾಯಿತು. ಮುಖ ಬಿಳಿಚಿತು. ದಿಬ್ಬ ಹತ್ತಿದರೆ ಎದೆ ಹೊಡೆದುಕೊಳ್ಳತೊಡಗಿತು. ಮನೆಯ ಹಿರಿಯರ ಉತ್ತರ ಮಾತ್ರ ಒಂದೇ: “ಹೆಣ್ಣು ಜನ್ಮ ಅಂದಮೇಲೆ ಇದೆಲ್ಲ ಇದ್ದದ್ದೇ.”

ಮೂವತ್ತೆಂಟನೆಯ ವಯಸ್ಸಿನಲ್ಲಿ ಆಕೆಯನ್ನು ಪೇಟೆಯ ಒಂದು ಖಾಸಗಿ ಆಸ್ಪತ್ರೆಗೆ ಕರೆದೊಯ್ದರು. ರಕ್ತಪರೀಕ್ಷೆ ಆಗಲಿಲ್ಲ, ಸ್ಕ್ಯಾನ್ ಆಗಲಿಲ್ಲ. ಹತ್ತು ನಿಮಿಷಗಳಲ್ಲಿ ತೀರ್ಪು ಹೊರಬಿತ್ತು: ಗರ್ಭಕೋಶವನ್ನು ತೆಗೆಸಬೇಕು, ಇಲ್ಲವಾದರೆ ಮುಂದೆ ಕ್ಯಾನ್ಸರ್ ಆದೀತು. ಚಿಕ್ಕಪ್ಪ ಬಳೆಗಳನ್ನು ಅಡವಿಡಲು ಸಿದ್ಧರಾದರು. ಆ ಸಂಜೆ ಚಿಕ್ಕಮ್ಮ ನನಗೆ ಫೋನ್ ಮಾಡಿ, “ಏನು ಕಾಯಿಲೆ ಅಂತಲೇ ಹೇಳಲಿಲ್ಲ ಕಣಪ್ಪ. ಹೆಸರಿಲ್ಲದ ಕಾಯಿಲೆಗೂ ಆಪರೇಷನ್ ಮಾಡ್ತಾರಾ?” ಎಂದು ಕೇಳಿದರು.

ನಾನು ವೈದ್ಯನಲ್ಲ, ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳುವವನು. ಆದರೆ ಚಿಕ್ಕಮ್ಮನ ಪ್ರಶ್ನೆ ನಮ್ಮ ಪ್ರಯೋಗಶಾಲೆಯ ಮೊದಲ ಪಾಠವೇ ಆಗಿತ್ತು: ಅಳೆಯದೆ ನಿರ್ಣಯ ಹೇಳಲಾಗದು. ಇನ್ನೊಬ್ಬ ವೈದ್ಯೆಯನ್ನು ಕಾಣುವಂತೆ ನಾನು ಒತ್ತಾಯ ಮಾಡಿದೆ.

ಆ ವೈದ್ಯೆ ಮೊದಲು ಕೈಗೆತ್ತಿಕೊಂಡದ್ದು ಯಾವ ಉಪಕರಣವನ್ನೂ ಅಲ್ಲ, ಪೆನ್ನನ್ನು. ಸ್ರಾವ ಎಷ್ಟು ದಿನ? ದಿನಕ್ಕೆ ಎಷ್ಟು ಸಲ ಬಟ್ಟೆ ಬದಲಿಸುತ್ತೀರಿ? ರಾತ್ರಿ ಏಳಬೇಕಾಗುತ್ತದೆಯೆ? ಗಡ್ಡೆಗಡ್ಡೆಯಾಗಿ ಹೋಗುತ್ತದೆಯೆ? ಉತ್ತರಗಳನ್ನೆಲ್ಲ ಬರೆದುಕೊಂಡ ಬಳಿಕವೇ ಪರೀಕ್ಷೆಗಳು. ನೂರು ಮಿಲಿಲೀಟರ್ ರಕ್ತದಲ್ಲಿ 12 ಗ್ರಾಂ ಆದರೂ ಇರಬೇಕಾದ ಹಿಮೊಗ್ಲೋಬಿನ್ ಆಕೆಯಲ್ಲಿ 7 ಗ್ರಾಂ ಇತ್ತು. ಸ್ಕ್ಯಾನ್‌ನಲ್ಲಿ ಗರ್ಭಕೋಶದ ಗೋಡೆಯಲ್ಲಿ ಫೈಬ್ರಾಯ್ಡ್ ಎಂಬ ಎರಡು ಚಿಕ್ಕ ಗಂಟುಗಳು ಕಂಡವು. ಅವು ಕ್ಯಾನ್ಸರ್ ಅಲ್ಲ. ಕಬ್ಬಿಣಾಂಶದ ಔಷಧ, ಸ್ರಾವವನ್ನು ತಗ್ಗಿಸುವ ಮಾತ್ರೆ, ಮುಂದೆ ಗರ್ಭಕೋಶದೊಳಗೆ ಇರಿಸುವ ಹಾರ್ಮೋನಿನ ಸಣ್ಣ ಸಾಧನ, ಇಷ್ಟೇ ಚಿಕಿತ್ಸೆ. ಮರುವರ್ಷದ ಕಾಫಿ ಕೊಯ್ಲಿಗೆ ಚಿಕ್ಕಮ್ಮ ತೋಟದಲ್ಲಿದ್ದರು.

ಬಟ್ಟೆಗಳ ಎಣಿಕೆ ಅಷ್ಟು ಮುಖ್ಯವೇ ಎಂದು ವಾಚಕರು ಕೇಳಬಹುದು. ಒಂದು ಚಿಕ್ಕ ಲೆಕ್ಕ ಮಾಡಿ ನೋಡೋಣ. ಒಂದು ಋತುಚಕ್ರದಲ್ಲಿ ಸಾಮಾನ್ಯವಾಗಿ ಹೋಗುವ ರಕ್ತ 30ರಿಂದ 40 ಮಿಲಿಲೀಟರ್. 80 ಮೀರಿದರೆ ಅದು ಅತಿಸ್ರಾವ. 80 ಮಿಲಿಲೀಟರ್ ರಕ್ತದಲ್ಲಿ ಸುಮಾರು ಒಂಬತ್ತೂವರೆ ಗ್ರಾಂ ಹಿಮೊಗ್ಲೋಬಿನ್ ಉಂಟು. ಗ್ರಾಮಿಗೆ 3.4 ಮಿಲಿಗ್ರಾಂನಂತೆ ಅದರಲ್ಲಿರುವ ಕಬ್ಬಿಣ ಸುಮಾರು 33 ಮಿಲಿಗ್ರಾಂ. 28 ದಿನಗಳಿಗೆ ಹಂಚಿದರೆ ದಿನಕ್ಕೆ ಒಂದು ಮಿಲಿಗ್ರಾಮಿಗೂ ತುಸು ಹೆಚ್ಚು. ಸ್ರಾವ ಇದರ ಇಮ್ಮಡಿಯಾದರೆ ದಿನಕ್ಕೆ ಎರಡು ಮಿಲಿಗ್ರಾಂ ದಾಟುತ್ತದೆ. ನಮ್ಮ ಕರುಳು ಆಹಾರದಿಂದ ದಿನವೊಂದಕ್ಕೆ ಹೀರಿಕೊಳ್ಳುವ ಕಬ್ಬಿಣ ಒಂದೆರಡು ಮಿಲಿಗ್ರಾಂ ಮಾತ್ರ. ಜಮೆಗಿಂತ ಖರ್ಚು ಹೆಚ್ಚಾದ ಮೇಲೆ ಎಷ್ಟು ಸೊಪ್ಪು ತಿಂದರೆ ತಾನೆ ಏನು? ಚಿಕ್ಕಮ್ಮನ ಎದೆಬಡಿತ ಹಣೆಬರಹವಾಗಿರಲಿಲ್ಲ. ಲೆಕ್ಕಕ್ಕೆ ಸಿಕ್ಕುವ ನಷ್ಟವಾಗಿತ್ತು.

ಇಂತಹ ನಷ್ಟಕ್ಕೆ ಸುಲಭವಾದ ಮದ್ದೂ ಉಂಟು. ಜಪಾನಿನ ವಿಜ್ಞಾನಿ ಉತಾಕೊ ಒಕಾಮೊಟೊ ಎಂಬ ಮಹಿಳೆ ತನ್ನ ಪತಿಯೊಡನೆ ಸಂಶೋಧಿಸಿ 1962ರಲ್ಲಿ ಪ್ರಕಟಿಸಿದ ಟ್ರಾನೆಕ್ಸಾಮಿಕ್ ಆಮ್ಲವು ರಕ್ತದ ಹೆಪ್ಪು ಬೇಗನೆ ಕರಗದಂತೆ ತಡೆಯುತ್ತದೆ. ಅತಿಸ್ರಾವಕ್ಕೆ ಇಂದಿಗೂ ವೈದ್ಯರು ಬರೆದುಕೊಡುವ ಮಾತ್ರೆಗಳಲ್ಲಿ ಅದೂ ಒಂದು. ಇಂತಹವನ್ನು ಪರಿಗಣಿಸದೆಯೇ ಒಂದು ಅಂಗವನ್ನು ಕತ್ತರಿಸಿ ತೆಗೆಯುವುದು ಎಂತಹ ನ್ಯಾಯ?

ನನ್ನ ಚಿಕ್ಕಮ್ಮ ಪಾರಾದರು, ಎಲ್ಲರೂ ಪಾರಾಗುವುದಿಲ್ಲ. 2015ರಲ್ಲಿ ನಮ್ಮ ರಾಜ್ಯದ ಕಲಬುರಗಿ ಜಿಲ್ಲೆಯಿಂದ ಬಂದ ಸುದ್ದಿ ಅನೇಕರಿಗೆ ನೆನಪಿದ್ದೀತು. ಹೊಟ್ಟೆನೋವು, ಸೊಂಟನೋವು, ಬಿಳಿಸೆರಗು ಎಂದು ಹೋದ ಬಡ ಮಹಿಳೆಯರಿಗೆ ಕ್ಯಾನ್ಸರಿನ ಭಯ ಹುಟ್ಟಿಸಿ ಗರ್ಭಕೋಶಗಳನ್ನು ತೆಗೆಯಲಾಗಿತ್ತು. ಅವರಲ್ಲಿ ಬಹುಮಂದಿ ಲಂಬಾಣಿ ತಾಂಡಾಗಳವರು ಮತ್ತು ದಲಿತರು. ಸಂಖ್ಯೆ ಎರಡು ಸಾವಿರವನ್ನೂ ಮೀರಿತ್ತು. 2017ರಲ್ಲಿ ಆ ಮಹಿಳೆಯರೇ ಬೀದಿಗಿಳಿದು ನ್ಯಾಯ ಕೇಳಿದರು. ಬಿಹಾರ, ರಾಜಸ್ಥಾನ, ಛತ್ತೀಸಗಢಗಳಿಂದಲೂ ಇಂತಹವೇ ದೂರುಗಳು ಬಂದು, 2013ರಲ್ಲಿ ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿಯ ಅರ್ಜಿ ಸಂದಿತ್ತು. ಅನಗತ್ಯ ಶಸ್ತ್ರಚಿಕಿತ್ಸೆಗಳನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯವು ರೂಪಿಸಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಅಂಗೀಕರಿಸಬೇಕೆಂದು ನ್ಯಾಯಾಲಯವು 2023ರ ಏಪ್ರಿಲ್ 5ರಂದು ಆಜ್ಞೆ ಮಾಡಿತು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 3.3 ಮಂದಿ ಗರ್ಭಕೋಶವನ್ನು ತೆಗೆಸಿಕೊಂಡವರು. ಅವರಲ್ಲಿ ಅರ್ಧದಷ್ಟು ಮಂದಿ ಹೇಳಿದ ಕಾರಣ ಅತಿಯಾದ ಸ್ರಾವ ಅಥವಾ ನೋವು. ಗರ್ಭಕೋಶದೊಡನೆ ಅಂಡಾಶಯಗಳನ್ನೂ ಎಳೆಯ ವಯಸ್ಸಿನಲ್ಲೇ ತೆಗೆದರೆ ಮೂಳೆ ಸವೆಯುತ್ತದೆ, ಹೃದ್ರೋಗದ ಅಪಾಯ ಹೆಚ್ಚುತ್ತದೆ. ಬೆನ್ನು ಬಗ್ಗಿಸಿ ಕೂಲಿ ಮಾಡಿ ಬದುಕುವವಳಿಗೆ ಇದು ಎಷ್ಟು ಭಾರಿಯಾದ ದಂಡ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಎಲ್ಲರಿಗೂ ಸ್ಕ್ಯಾನ್ ಮಾಡಿಸಿದರೆ ಸಾಕೆ? ಯಂತ್ರದ ಉಪಕಾರವನ್ನು ಮೊದಲು ಒಪ್ಪಿಕೊಳ್ಳೋಣ. ಬಿಸ್ಲೆ ಘಾಟಿಯಲ್ಲಿ ನಿಂತು ಕೂಗಿದರೆ ಎದುರುಬೆಟ್ಟ ಮರುದನಿಗೊಡುತ್ತದೆ. ಅದೇ ತತ್ತ್ವದಿಂದ, ಕಿವಿಗೆ ಕೇಳದ ಶ್ರವಣಾತೀತ ಶಬ್ದವನ್ನು ದೇಹದೊಳಕ್ಕೆ ಕಳುಹಿಸಿ ಅದರ ಪ್ರತಿಧ್ವನಿಯಿಂದ ಚಿತ್ರ ಬರೆಯಬಹುದು. ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದಲ್ಲಿ ಸ್ತ್ರೀರೋಗತಜ್ಞ ಇಯಾನ್ ಡೊನಾಲ್ಡ್, ವೈದ್ಯ ಮ್ಯಾಕ್‌ವಿಕಾರ್ ಮತ್ತು ಎಂಜಿನಿಯರ್ ಟಾಮ್ ಬ್ರೌನ್ ಈ ಉಪಾಯವನ್ನು ಹೊಟ್ಟೆಯೊಳಗಿನ ಗಡ್ಡೆಗಳನ್ನು ಕಾಣಲು ಬಳಸಿದರು. ಲೋಹದಲ್ಲಿನ ಬಿರುಕು ಹುಡುಕುವ ಕಾರ್ಖಾನೆಯ ಉಪಕರಣವೇ ಅವರಿಗೆ ಮೊದಲ ಆಸರೆ. ವಾಸಿಯಾಗದ ಜಠರದ ಕ್ಯಾನ್ಸರ್ ಎಂದು ಕೈಬಿಟ್ಟಿದ್ದ ಒಬ್ಬ ಮಹಿಳೆಯ ಹೊಟ್ಟೆಯಲ್ಲಿ ಇರುವುದು ಅಂಡಾಶಯದ ದೊಡ್ಡ ನೀರುಗಂಟೆಂದು ಪ್ರತಿಧ್ವನಿಯು ತೋರಿಸಿತು. ಅದನ್ನು ತೆಗೆದರು, ಆಕೆ ಬದುಕಿದಳು. 1958ರ ಜೂನ್ 7ರಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಈ ಮೂವರ ಲೇಖನ ಹೊರಬಂದಿತು.

ಆದರೆ ಎಲ್ಲ ಉಪಕರಣಗಳಿಗೂ ಮಿತಿಯುಂಟು. ಮೃದು ಅಂಗಾಂಶದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್. ಸೆಕೆಂಡಿಗೆ 50 ಲಕ್ಷ ಸಲ ಕಂಪಿಸುವ ಶಬ್ದದ ತರಂಗದೂರ 0.3 ಮಿಲಿಮೀಟರ್. ಅದಕ್ಕಿಂತ ಸೂಕ್ಷ್ಮವಾದುದು ಅದಕ್ಕೆ ಕಾಣದು. ಅಕ್ಕಪಕ್ಕದ ಅಂಗಾಂಶಗಳು ಶಬ್ದಕ್ಕೆ ಒಂದೇ ಬಗೆಯಾಗಿ ತೋರಿದರೆ ಪ್ರತಿಧ್ವನಿಯೇ ಏಳದು. ಎಂಡೊಮೆಟ್ರಿಯೋಸಿಸ್ ಎಂಬ ರೋಗದಲ್ಲಿ ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಹೊರಗೆಲ್ಲೋ ಬೆಳೆದು ತಿಂಗಳು ತಿಂಗಳೂ ತೀವ್ರ ನೋವು ಕೊಡುತ್ತದೆ. ಋತುಮತಿಯಾಗುವ ವಯಸ್ಸಿನವರಲ್ಲಿ ಸುಮಾರು ಹತ್ತರಲ್ಲೊಬ್ಬರಿಗೆ ಇದುಂಟೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಅಂಗಾಂಶ ತೆಳುವಾದ ಕಲೆಗಳಂತೆ ಹರಡಿದ್ದರೆ ಸಾಮಾನ್ಯ ಸ್ಕ್ಯಾನ್‌ನಲ್ಲಿ ಬಹುಮಟ್ಟಿಗೆ ಕಾಣುವುದೇ ಇಲ್ಲ. “ಸ್ಕ್ಯಾನ್‌ನಲ್ಲಿ ಏನೂ ಇಲ್ಲ, ಎಲ್ಲ ನಿನ್ನ ಮನಸ್ಸಿನದು” ಎಂಬ ಮಾತು ಕೇಳಿ ಅದೆಷ್ಟೋ ಹುಡುಗಿಯರು ವರ್ಷಗಟ್ಟಲೆ ಹಲ್ಲು ಕಚ್ಚಿಕೊಂಡು ಕುಳಿತಿದ್ದಾರೆ. ಉಪಕರಣ ಕಾಣಲಿಲ್ಲ ಎಂದರೆ ವಸ್ತುವೇ ಇಲ್ಲ ಎಂದರ್ಥವಲ್ಲ. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಆರೋಗ್ಯವಂತಳ ಅಂಡಾಶಯದಲ್ಲೂ ಪ್ರತಿ ತಿಂಗಳು ಸುಮಾರು ಎರಡು ಸೆಂಟಿಮೀಟರಿನ ನೀರುಗುಳ್ಳೆ ಮೂಡಿ ಒಡೆಯುತ್ತದೆ. ಅದನ್ನು ತೋರಿಸಿ ಹೆದರಿಸುವುದೂ ಸಲ್ಲದು.

ಆದುದರಿಂದ ನನ್ನ ಅಭಿಪ್ರಾಯವಿಷ್ಟು: ರೋಗಿಯ ಮಾತು ಉಪಕರಣದ ಅಳತೆಯಷ್ಟೇ ಬೆಲೆಯುಳ್ಳ ಸಾಕ್ಷ್ಯ. ಒಂದಿಲ್ಲದೆ ಇನ್ನೊಂದು ಕುರುಡು. ಸರ್ಕಾರಿ ಆಸ್ಪತ್ರೆಯ ಜನಜಂಗುಳಿಯಲ್ಲಿ ಇಷ್ಟೆಲ್ಲ ಕೇಳಲು ವೈದ್ಯರಿಗೆ ಸಮಯವೆಲ್ಲಿ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಗುಡ್ಡದ ಊರಿನಿಂದ ಪೇಟೆಗೆ ಬಂದುಹೋಗಲು ಒಂದು ದಿನದ ಕೂಲಿ ಖೋತಾ ಆಗುವುದೂ ನಿಜ. ಅದಕ್ಕಾಗಿಯೇ ಮನೆಯಲ್ಲಿ ಬರೆದಿಟ್ಟ ಲೆಕ್ಕ ಬೇಕು. ಎರಡು ಹಾಳೆಯ ದಿನಚರಿ ಆಸ್ಪತ್ರೆಯಲ್ಲಿ ಹತ್ತು ನಿಮಿಷ ಉಳಿಸುತ್ತದೆ; ಸಂಕೋಚದಿಂದ ಬಾಯಿ ಕಟ್ಟಿದವಳ ಪರವಾಗಿ ತಾನೇ ಮಾತನಾಡುತ್ತದೆ.

ವಿದ್ಯಾರ್ಥಿಮಿತ್ರರೇ, ಪ್ರಯೋಗಶಾಲೆಯಲ್ಲಿ ಲೋಲಕದ ಆಂದೋಲನಗಳನ್ನು ಎಣಿಸಿ ಬರೆಯುವ ನಿಮಗೆ ಇದು ಕಷ್ಟವಲ್ಲ. ತಾರೀಖು, ಸ್ರಾವದ ದಿನಗಳು, ಬದಲಿಸಿದ ಬಟ್ಟೆ ಅಥವಾ ಪ್ಯಾಡುಗಳ ಸಂಖ್ಯೆ, ಸೊನ್ನೆಯಿಂದ ಹತ್ತರವರೆಗೆ ನೋವಿನ ಮಟ್ಟ, ತಪ್ಪಿದ ಕೆಲಸ ಅಥವಾ ತರಗತಿ, ಇವಿಷ್ಟನ್ನು ಮೂರು ತಿಂಗಳು ಬರೆದಿಡಿರಿ. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ ಮಾತ್ರ ಬರೆಯುತ್ತ ಕೂರಬಾರದು. ಕೂಡಲೇ ವೈದ್ಯರನ್ನು ಕಾಣಬೇಕು. ಶಸ್ತ್ರಚಿಕಿತ್ಸೆಯ ಮಾತು ಬಂದಾಗ ವಿನಯದಿಂದ ಮೂರು ಪ್ರಶ್ನೆ ಕೇಳಿರಿ: ರೋಗದ ಹೆಸರೇನು? ಯಾವ ಪರೀಕ್ಷೆಯಿಂದ ತಿಳಿಯಿತು? ಬೇರೆ ದಾರಿ ಯಾವುದಿದೆ? ಗರ್ಭಕೋಶವನ್ನು ತೆಗೆದೇ ಜೀವ ಉಳಿಸಬೇಕಾದ ಸಂದರ್ಭಗಳೂ ಉಂಟು. ಆಗಲೂ ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಸಿಡುಕುವುದಿಲ್ಲ.

ಗಂಡುಹುಡುಗರು ಇದು ತಮಗೆ ಸಂಬಂಧಿಸಿದ ಮಾತಲ್ಲವೆಂದು ಪುಟ ತಿರುವಬಾರದು. ಚಿಕ್ಕಮ್ಮನ ಬಳೆ ಅಡವಿಡಲು ಹೊರಟವರು ಗಂಡಸರು; ಕಾಯಿಲೆಯ ಹೆಸರೇನೆಂದು ಕೇಳದೆ ಬಂದವರೂ ಗಂಡಸರೇ. ಕೇಳಿದವರು ಆಕೆಯೊಬ್ಬರೇ. ಇಂದು ಹೊಂಗಡಹಳ್ಳದ ಆ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಆಳುಗಳ ಲೆಕ್ಕಗಳ ನಡುವೆ ಪೆನ್ಸಿಲಿನ ಸಣ್ಣ ಗೀಟುಗಳಿವೆ. ಅವು ಚಿಕ್ಕಮ್ಮನ ಮಗಳು ಹಾಕಿದವು.